ಹೆಂಗಸರು ರಜೆ ಹಾಕಿದ ನಾಡು

ದ್ವೀಪ ಅಂದರೆ ಏನು? ಸುತ್ತಲೂ ನೀರು, ನಡುವೆ ನೆಲ. ಹೊಳೆಯ ನಡುವೆ ಇರುವ ನಡುಗಡ್ಡೆಯೂ ದ್ವೀಪವೇ. ಸಮುದ್ರದ ನಡುವೆ ಒಂದು ಇಡೀ ದೇಶವೇ ದ್ವೀಪವಾಗಿ ಇರಬಹುದು. ಅಂಥ ಒಂದು ದೇಶದ ಹೆಸರು ಐಸ್‌ಲ್ಯಾಂಡ್. ಐಸ್ ಅಂದರೆ ಮಂಜುಗಡ್ಡೆ. ಲ್ಯಾಂಡ್ ಅಂದರೆ ನಾಡು. ಅದು ಮಂಜುಗಡ್ಡೆಯ ನಾಡು.

ಅಷ್ಟು ದೂರದ ನಾಡಿನ ಕಥೆ ನಮಗೆ ಯಾಕೆ ಅಂತ ನೀವು ಕೇಳಬಹುದು. ಆ ನಾಡಿನ ಜನ ಒಂದು ಕಾಲದಲ್ಲಿ ಬಹಳ ಬಡವರು. ಹೊಟ್ಟೆಗೆ ಇಲ್ಲದಿದ್ದರೂ ಅವರು ಓದು ಬಿಡಲಿಲ್ಲ. ಅಲ್ಲಿಯ ಹೆಂಗಸರು ಒಂದು ದಿನ ಎಲ್ಲರೂ ಸೇರಿ ಒಂದು ಕೆಲಸ ಮಾಡಿದರು. ಅದನ್ನು ಇಡೀ ಜಗತ್ತು ಇವತ್ತಿಗೂ ನೆನೆಯುತ್ತದೆ. ಅದು ಏನು? ಬನ್ನಿ, ಮೊದಲಿನಿಂದ ನೋಡೋಣ.

ಎಲ್ಲಿದೆ ಈ ನಾಡು?

ಯೂರೋಪ್ ಖಂಡದ ವಾಯವ್ಯಕ್ಕೆ ಅಟ್ಲಾಂಟಿಕ್ ಅನ್ನುವ ದೊಡ್ಡ ಸಾಗರ ಇದೆ. ಆ ಸಾಗರದ ನಡುವೆ, ಉತ್ತರ ಧ್ರುವದ ಕಡೆಗೆ ಐಸ್‌ಲ್ಯಾಂಡ್ ಇದೆ. ನೆಲದ ಲೆಕ್ಕದಲ್ಲಿ ಅದು ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಆದರೆ ಜನ ಎಷ್ಟು ಗೊತ್ತೇ? ಇಡೀ ದೇಶದಲ್ಲಿ ಇರುವವರು ನಾಲ್ಕು ಲಕ್ಷಕ್ಕಿಂತ ಕಡಿಮೆ. ಅವರಲ್ಲಿ ಹೆಚ್ಚಿನವರು ರಾಜಧಾನಿ ರೇಕ್ಯಾವಿಕ್‌ನಲ್ಲಿ ಮತ್ತು ಅದರ ಸುತ್ತಮುತ್ತ ಇದ್ದಾರೆ. ದ್ವೀಪದ ನಡುಭಾಗದಲ್ಲಿ ಊರೇ ಇಲ್ಲ.

ನಾಡಿನ ಹತ್ತರಲ್ಲಿ ಒಂದು ಪಾಲು ನೆಲವನ್ನು ಹಿಮ ಮುಚ್ಚಿದೆ. ವರ್ಷವಿಡೀ ಅದು ಪೂರ್ತಿ ಕರಗುವುದಿಲ್ಲ. ಮೇಲೆ ಹಿಮ, ನೆಲದ ಒಳಗೆ ಬೆಂಕಿ! ಅಲ್ಲಿ ಬೆಂಕಿ ಉಗುಳುವ ಬೆಟ್ಟಗಳಿವೆ. ಇವಕ್ಕೆ ಜ್ವಾಲಾಮುಖಿ ಅಂತಾರೆ. ಜ್ವಾಲಾಮುಖಿ ಬಾಯಿ ಬಿಟ್ಟರೆ ಕಲ್ಲು ಕರಗಿ ಕೆಂಪು ರಸವಾಗಿ ಹರಿಯುತ್ತದೆ. ಆ ರಸಕ್ಕೆ ಲಾವಾ ಅಂತ ಹೆಸರು. ಅದು ಆರಿದ ಮೇಲೆ ಕರಿಕಲ್ಲು ಆಗುತ್ತದೆ.

ಬೇಸಿಗೆಯ ನಡುವೆ, ಜೂನ್ ತಿಂಗಳಲ್ಲಿ, ರೇಕ್ಯಾವಿಕ್‌ನಲ್ಲಿ ಸೂರ್ಯ ಮುಳುಗುವುದು ನಡುರಾತ್ರಿಗೆ. ಮೂರು ಗಂಟೆಗೆ ಮತ್ತೆ ಹುಟ್ಟುತ್ತಾನೆ. ಕತ್ತಲೆಯೇ ಆಗುವುದಿಲ್ಲ. ಡಿಸೆಂಬರ್ ತಿಂಗಳಲ್ಲಿ ಇದಕ್ಕೆ ತಿರುಗುಮುರುಗು. ಬೆಳಿಗ್ಗೆ ಹನ್ನೊಂದು ಗಂಟೆ ದಾಟಿದ ಮೇಲೆ ಬೆಳಕು. ಮಧ್ಯಾಹ್ನ ಮೂರೂವರೆಗೆ ಕತ್ತಲು. ಈ ಉದ್ದದ ಕತ್ತಲನ್ನು ನೆನಪಿಡಿ. ನಮ್ಮ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಕಡಸು ಹಿಡಿದು ನೆಲ ಅಳೆದರು

ಸಾವಿರದ ಇನ್ನೂರು ವರ್ಷಗಳ ಹಿಂದೆ ಐಸ್‌ಲ್ಯಾಂಡಿನಲ್ಲಿ ಊರುಕೇರಿ ಯಾವುದೂ ಇರಲಿಲ್ಲ. 874ನೇ ಇಸವಿಯಲ್ಲಿ ಇಂಗೋಲ್ಫರ್ ಮತ್ತು ಅವನ ಹೆಂಡತಿ ಹಾಲ್ವೇಗ್ ನಾರ್ವೆ ದೇಶದಿಂದ ಹಡಗಿನಲ್ಲಿ ಬಂದು ನೆಲೆ ನಿಂತರು ಅಂತ ಅಲ್ಲಿಯ ಹಳೆಯ ಪುಸ್ತಕಗಳು ಹೇಳುತ್ತವೆ. ಅವರು ನಿಂತ ಜಾಗದಲ್ಲಿ ಬಿಸಿನೀರಿನ ಹಬೆ ಹೊಗೆಯ ಹಾಗೆ ಏಳುತ್ತಿತ್ತು. ಅದಕ್ಕೇ ಆ ಜಾಗಕ್ಕೆ ರೇಕ್ಯಾವಿಕ್ ಅಂತ ಹೆಸರು ಬಂತು. ಹಾಗೆಂದರೆ ಹೊಗೆಯ ಕೊಲ್ಲಿ.

ಆಮೇಲೆ ಹಡಗಿನ ಮೇಲೆ ಹಡಗು ಬಂದವು. ಗಂಡಸರಲ್ಲಿ ಹೆಚ್ಚಿನವರು ನಾರ್ವೆ ಕಡೆಯವರು. ಹೆಂಗಸರಲ್ಲಿ ಬಹಳ ಜನ ಐರ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಕಡೆಯವರು. ಅವರಲ್ಲಿ ಹಲವರನ್ನು ಸೆರೆ ಹಿಡಿದು ಜೀತದಾಳಾಗಿ ತಂದಿದ್ದರು.

ಬಂದವರಲ್ಲಿ ಔದ್ ಅನ್ನುವ ಒಬ್ಬ ವಿಧವೆಯೂ ಇದ್ದಳು. ಅವಳ ಗಂಡ ಸತ್ತ. ಮಗ ಯುದ್ಧದಲ್ಲಿ ಸತ್ತ. ಊರಲ್ಲಿ ಇದ್ದರೆ ಉಳಿಗಾಲವಿಲ್ಲ ಅಂತ ಅವಳಿಗೆ ಗೊತ್ತಾಯಿತು. ಅವಳು ಕಾಡಿನ ಒಳಗೆ ಗುಟ್ಟಾಗಿ ಒಂದು ಹಡಗು ಕಟ್ಟಿಸಿದಳು. ಮೊಮ್ಮಕ್ಕಳನ್ನು ಕರೆದುಕೊಂಡು, ಇಪ್ಪತ್ತು ಗಂಡಾಳುಗಳನ್ನು ಹಡಗಿಗೆ ಹಾಕಿಕೊಂಡು ಹೊರಟಳು. ಐಸ್‌ಲ್ಯಾಂಡಿಗೆ ಬಂದು ದೊಡ್ಡ ಸೀಮೆಯನ್ನೇ ತನ್ನದು ಮಾಡಿಕೊಂಡಳು. ತನ್ನ ಜೀತದಾಳುಗಳನ್ನು ಬಿಡುಗಡೆ ಮಾಡಿ ಅವರಿಗೂ ನೆಲ ಕೊಟ್ಟಳು. ಈ ಔದ್ ಕಥೆಯನ್ನು ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ.

ಆಗ ನೆಲ ಹಿಡಿಯಲು ಒಂದು ನಿಯಮ ಇತ್ತಂತೆ. ಹೆಂಗಸು ಒಂದು ಎರಡು ವರ್ಷದ ಕಡಸನ್ನು ಹಿಡಿದುಕೊಳ್ಳಬೇಕು. ವಸಂತ ಕಾಲದ ಒಂದು ದಿನ, ಸೂರ್ಯ ಹುಟ್ಟಿದಾಗ ಹೊರಡಬೇಕು. ಮುಳುಗುವುದರೊಳಗೆ ಎಷ್ಟು ನೆಲ ಸುತ್ತಿ ಬರುತ್ತಾಳೋ ಅಷ್ಟು ಅವಳದು. ಗಂಡಸರಿಗೆ ಬೇರೆ ಲೆಕ್ಕ. ಅವರು ಬೆಂಕಿ ಹಚ್ಚಿಕೊಂಡು ಹೋಗಿ ಗಡಿ ಗುರುತಿಸುತ್ತಿದ್ದರು. ಹೇಗೂ ಇರಲಿ, ಹೆಂಗಸಿನ ಹೆಸರಿಗೆ ನೆಲ ಇರಬಹುದು ಅನ್ನುವ ಮಾತು ಅಲ್ಲಿ ಆಗಲೇ ಇತ್ತು.

ಬಾಯಿಪಾಠದ ಕಾನೂನು

ಜನ ಹೆಚ್ಚಿದ ಮೇಲೆ ಜಗಳವೂ ಬಂತು. ತೀರ್ಮಾನ ಮಾಡುವವರು ಯಾರು? ಅಲ್ಲಿ ರಾಜ ಇರಲಿಲ್ಲ. 930ನೇ ಇಸವಿಯಲ್ಲಿ ಊರೂರಿನ ಮುಖಂಡರು ಒಂದು ಬಯಲಿನಲ್ಲಿ ಸೇರಿದರು. ಆ ಬಯಲಿನ ಹೆಸರು ಥಿಂಗ್‌ವೆಟ್ಲಿರ್. ಆ ಸಭೆಯ ಹೆಸರು ಆಲ್ಥಿಂಗ್. ವರ್ಷ ವರ್ಷ ಬೇಸಿಗೆಯಲ್ಲಿ ಸುಮಾರು ಎರಡು ವಾರ ಸಭೆ ನಡೆಯುತ್ತಿತ್ತು. ಒಂದು ದೊಡ್ಡ ಜಾತ್ರೆಯ ಹಾಗೆ ಜನ ಸೇರುತ್ತಿದ್ದರು.

ಆಗ ಕಾನೂನನ್ನು ಬರೆದು ಇಟ್ಟಿರಲಿಲ್ಲ. ಒಬ್ಬ ಮನುಷ್ಯನ ಬಾಯಲ್ಲಿ ಅಷ್ಟೂ ಕಾನೂನು ಇತ್ತು. ಅವನು ಒಂದು ಬಂಡೆಯ ಮೇಲೆ ನಿಂತು ಜೋರಾಗಿ ಕಾನೂನು ಹೇಳುತ್ತಿದ್ದ. ಒಂದು ವರ್ಷಕ್ಕೆ ಮೂರರಲ್ಲಿ ಒಂದು ಭಾಗ. ಮೂರು ವರ್ಷಕ್ಕೆ ಪೂರ್ತಿ ಆಗುತ್ತಿತ್ತು.

ನೆನಪು ಒಳ್ಳೆಯದೇ. ನಮ್ಮ ಅಜ್ಜಿಯರೂ ನೂರಾರು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದರು. ಆದರೆ ಹೇಳುವವನು ಒಂದು ಮಾತು ಮರೆತರೆ? ಬೇಕಂತಲೇ ಬಿಟ್ಟರೆ? ಅದಕ್ಕೆ 1117ರ ಚಳಿಗಾಲದಲ್ಲಿ ಕಾನೂನನ್ನು ಬರೆಯಲು ಶುರು ಮಾಡಿದರು. ಮಾತು ಅಕ್ಷರವಾಯಿತು. ಈಗ ಯಾರು ಬೇಕಾದರೂ ಓದಿ ಹಿಡಿದು ಕೇಳಬಹುದು.

ಆಲ್ಥಿಂಗ್ ಈಗಲೂ ಇದೆ. ಅದೇ ಐಸ್‌ಲ್ಯಾಂಡಿನ ಪಾರ್ಲಿಮೆಂಟು. ನಡುವೆ 1800ರಿಂದ 1845ರವರೆಗೆ ಮುಚ್ಚಿತ್ತು. ಆದರೂ ಜಗತ್ತಿನ ಬಹಳ ಹಳೆಯ ಪಾರ್ಲಿಮೆಂಟುಗಳಲ್ಲಿ ಅದೂ ಒಂದು. ಒಂದು ಮಾತನ್ನು ಮಾತ್ರ ಮರೆಯಬಾರದು. ಹಳೆಯ ಆಲ್ಥಿಂಗ್‌ನಲ್ಲಿ ತೀರ್ಮಾನ ಹೇಳುತ್ತಿದ್ದವರು ಗಂಡಸರು. ಹೆಂಗಸರಿಗೆ ಅಲ್ಲಿ ಮತ ಇರಲಿಲ್ಲ.

ಅಂಗಿಯ ಅಳತೆಗೆ ಪುಸ್ತಕದ ಹಾಳೆ

ಕಾನೂನು ಬರೆದವರು ಕಥೆಯನ್ನೂ ಬರೆದರು. ವಂಶದ ಕಥೆ, ಜಗಳದ ಕಥೆ, ಹಡಗಿನ ಕಥೆ. ಈ ಕಥೆಗಳಿಗೆ ಸಾಗಾ ಅಂತ ಹೆಸರು. ಕಾಗದ ಇಲ್ಲದ ಕಾಲ ಅದು. ಕರುವಿನ ಚರ್ಮವನ್ನು ಹದ ಮಾಡಿ ಅದರ ಮೇಲೆ ಬರೆದರು. ಒಂದು ದೊಡ್ಡ ಪುಸ್ತಕಕ್ಕೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಗಿತ್ತು.

ಕಾಲ ಕಳೆದ ಹಾಗೆ ಹಳೆಯ ಹಾಳೆಗಳ ಬೆಲೆ ಜನರಿಗೆ ಮರೆತು ಹೋಯಿತು. ಬಡತನ ಬೇರೆ. ಯಾರೋ ಒಂದು ಹಾಳೆಯನ್ನು ಅಂಗಿ ಹೊಲಿಯುವ ಅಳತೆಗೆ ಕತ್ತರಿಸಿಕೊಂಡರು. ಆ ಹಾಳೆ ಅದೇ ಆಕಾರದಲ್ಲಿ ಈಗಲೂ ಉಳಿದಿದೆ. 1700ರ ಸುಮಾರಿಗೆ ಆರ್ನಿ ಮ್ಯಾಗ್ನುಸೋನ್ ಅನ್ನುವ ಪಂಡಿತ ಊರೂರು ತಿರುಗಿ ಇಂಥ ಹಾಳೆಗಳನ್ನು ಕೂಡಿಹಾಕಿದ. ಅವನ್ನು ಡೆನ್ಮಾರ್ಕಿನ ರಾಜಧಾನಿಗೆ ಸಾಗಿಸಿದ. ಆಗ ಐಸ್‌ಲ್ಯಾಂಡನ್ನು ಆಳುತ್ತಿದ್ದವರು ಡೆನ್ಮಾರ್ಕಿನ ರಾಜರು.

ಐಸ್‌ಲ್ಯಾಂಡಿನ ಜನ ನಮ್ಮ ಪುಸ್ತಕ ನಮಗೆ ಕೊಡಿ ಅಂತ ಬಹಳ ವರ್ಷ ಕೇಳಿದರು. 1971ರ ಏಪ್ರಿಲ್ 21ರಂದು ಮೊದಲ ಎರಡು ಪುಸ್ತಕಗಳು ಹಡಗಿನಲ್ಲಿ ವಾಪಸು ಬಂದವು. ಅವತ್ತು ಶಾಲೆ, ಅಂಗಡಿ ಮುಚ್ಚಿದ್ದವು. ಸಾವಿರಾರು ಜನ ಬಂದರಿನಲ್ಲಿ ಕಾದು ನಿಂತಿದ್ದರು. ಬಂದದ್ದು ರಾಜನಲ್ಲ, ಮಂತ್ರಿಯಲ್ಲ. ಹಳೆಯ ಎರಡು ಪುಸ್ತಕಗಳು!

ಕಷ್ಟದ ಕಾಲ

ಈಗ ಮತ್ತೆ ಹಿಂದಕ್ಕೆ ಹೋಗೋಣ. 1262ರ ಹೊತ್ತಿಗೆ ಮುಖಂಡರು ತಮ್ಮತಮ್ಮಲ್ಲೇ ಕಾದಾಡಿ ಸೋತಿದ್ದರು. ನಾಡು ನಾರ್ವೆ ರಾಜನ ಕೈಗೆ ಹೋಯಿತು. ಮುಂದೆ ಡೆನ್ಮಾರ್ಕಿನ ಆಳ್ವಿಕೆ ಬಂತು.

1602ರಲ್ಲಿ ಡೆನ್ಮಾರ್ಕಿನ ರಾಜ ಒಂದು ಆಜ್ಞೆ ಮಾಡಿದ. ಐಸ್‌ಲ್ಯಾಂಡಿನ ಜನ ತಾನು ಗೊತ್ತು ಮಾಡಿದ ವ್ಯಾಪಾರಿಗಳಿಗೇ ಮೀನು, ಉಣ್ಣೆ ಮಾರಬೇಕು. ಅವರಿಂದಲೇ ಕಾಳು ಕೊಳ್ಳಬೇಕು. ಬೆಲೆ ಅವರು ಹೇಳಿದ್ದೇ. ಹದಿನೇಳನೇ ಶತಮಾನದ ಕೊನೆಯಲ್ಲಿ ಒಬ್ಬ ಬಡವ ಸ್ವಲ್ಪ ಮೀನನ್ನು ತನ್ನ ಪಾಲಿಗೆ ಗೊತ್ತು ಮಾಡಿದ ಅಂಗಡಿಗೆ ಬಿಟ್ಟು ಪಕ್ಕದ ಬಂದರಿನಲ್ಲಿ ಮಾರಿದ. ಅಷ್ಟಕ್ಕೇ ಅವನಿಗೆ ಚಾಟಿ ಏಟು ಕೊಟ್ಟರು. ಈ ಪದ್ಧತಿ 1787ರವರೆಗೆ ನಡೆಯಿತು.

ಮನುಷ್ಯರ ಕಾಟ ಸಾಲದು ಅಂತ ನೆಲವೂ ಸಿಡಿಯಿತು. 1783ರ ಜೂನ್ 8ರಂದು ಲಾಕಿ ಅನ್ನುವ ಕಡೆ ನೆಲ ಸೀಳಿ ಲಾವಾ ಉಕ್ಕಿತು. ಎಂಟು ತಿಂಗಳು ಉಕ್ಕುತ್ತಲೇ ಇತ್ತು. ಜನರನ್ನು ಕೊಂದದ್ದು ಹೆಚ್ಚಾಗಿ ಲಾವಾ ಅಲ್ಲ, ಅದರ ಜೊತೆ ಬಂದ ವಿಷಗಾಳಿ ಮತ್ತು ಬೂದಿ. ಹುಲ್ಲಿನ ಮೇಲೆ ಫ್ಲೋರಿನ್ ಅನ್ನುವ ವಿಷ ಕೂತಿತು. ನಮ್ಮ ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆಯಲ್ಲ? ಇದೂ ಅದೇ ಜಾತಿಯದು. ಆ ಹುಲ್ಲು ಮೇದ ಕುರಿ ದನಗಳು ಮೂಳೆ ಕೆಟ್ಟು ಸತ್ತವು. ಅರ್ಧಕ್ಕಿಂತ ಹೆಚ್ಚು ದನ, ಮುಕ್ಕಾಲು ಪಾಲಿನಷ್ಟು ಕುರಿ ಹೋದವು. ಆಮೇಲೆ ಬರ. ಆಗ ಇದ್ದ ಜನ ಸುಮಾರು ಐವತ್ತು ಸಾವಿರ. ಅವರಲ್ಲಿ ಐದರಲ್ಲಿ ಒಬ್ಬರು ಸತ್ತರು.

ಮನೆಯೇ ಶಾಲೆ

ಇಂಥ ಕಷ್ಟದ ನಡುವೆ ಅವರು ಓದು ಕಲಿತದ್ದು ಹೇಗೆ?

ಊರಲ್ಲಿ ಶಾಲೆ ಇರಲಿಲ್ಲ. ಮನೆಗಳು ಒಂದಕ್ಕೊಂದು ಬಹಳ ದೂರ. 1740ರ ನಂತರ ಒಂದು ಕಟ್ಟಳೆ ಬಂತು. ಮಕ್ಕಳಿಗೆ ಮನೆಯಲ್ಲೇ ಓದು ಕಲಿಸಬೇಕು. ಕಲಿಸಿದರೋ ಇಲ್ಲವೋ ಅಂತ ಪಾದ್ರಿ ಮನೆಮನೆಗೆ ಬಂದು ನೋಡಬೇಕು. ಧರ್ಮದ ಪುಸ್ತಕ ಓದಲಿ ಅನ್ನುವುದು ಅವರ ಉದ್ದೇಶ. ಆದರೆ ಅಕ್ಷರ ಕಲಿತವರು ಒಂದೇ ಪುಸ್ತಕಕ್ಕೆ ನಿಲ್ಲುತ್ತಾರೆಯೇ? ಕಥೆ, ಪದ್ಯ ಎಲ್ಲ ಓದಿದರು.

ಚಳಿಗಾಲದ ಉದ್ದ ಕತ್ತಲನ್ನು ನೆನಪಿಡಿ ಅಂದಿದ್ದೆವಲ್ಲ? ಆ ಕತ್ತಲೇ ಅವರ ಪಾಠದ ಹೊತ್ತು. ಮಣ್ಣು ಹುಲ್ಲಿನ ಹೆಂಟೆಯ ಮನೆ. ಒಳಗೆ ಒಂದೇ ಕೋಣೆ. ಎರಡು ಕಡೆ ಸಾಲಾಗಿ ಮಂಚ. ಮಲಗುವುದು, ಉಣ್ಣುವುದು, ಕೆಲಸ ಮಾಡುವುದು ಎಲ್ಲ ಅಲ್ಲೇ. ಮೀನೆಣ್ಣೆಯ ದೀಪ ಹಚ್ಚುತ್ತಿದ್ದರು. ಒಬ್ಬರು ಉಣ್ಣೆ ಹಿಂಜುತ್ತಿದ್ದರು. ಒಬ್ಬರು ನೂಲು ತೆಗೆಯುತ್ತಿದ್ದರು. ಗಂಡಸರೂ ಕೂತು ಕಾಲುಚೀಲ ಹೆಣೆಯುತ್ತಿದ್ದರು. ನಡುವೆ ದೀಪದ ಹತ್ತಿರ ಒಬ್ಬರು ಕೂತು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಕಥೆ. ಮಕ್ಕಳು ತಾಯಿಯ ಪಕ್ಕ ಕೂತು ಅಕ್ಷರ ಕಲಿಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ತಾಯಿಯೇ ಮೇಷ್ಟರು.

ಹೀಗೆ 1800ರ ಹೊತ್ತಿಗೆ ಅಲ್ಲಿ ಹೆಚ್ಚಿನ ಜನಕ್ಕೆ ಓದಲು ಬರುತ್ತಿತ್ತು. ಗಂಡಸರಿಗೂ, ಹೆಂಗಸರಿಗೂ.

ಈಗಲೂ ಅಲ್ಲಿ ಪುಸ್ತಕದ ಮೇಲೆ ಪ್ರೀತಿ ಹೆಚ್ಚು. ಕ್ರಿಸ್‌ಮಸ್ ಹಬ್ಬದ ಹಿಂದಿನ ರಾತ್ರಿ, ಡಿಸೆಂಬರ್ 24ರಂದು, ಒಬ್ಬರಿಗೊಬ್ಬರು ಪುಸ್ತಕ ಉಡುಗೊರೆ ಕೊಡುತ್ತಾರೆ.

ಓದು ಬಂತು, ಬರಹ?

ಇಲ್ಲಿ ಒಂದು ವಿಷಯ ಗಮನಿಸಿ. ಹೆಣ್ಣುಮಕ್ಕಳಿಗೆ ಓದಲು ಕಲಿಸಿದರು ನಿಜ. ಬರೆಯಲು ಕಲಿಸಲು ಮನಸ್ಸು ಮಾಡಲಿಲ್ಲ. ಹೆಣ್ಣಿಗೆ ಬರಹ ಯಾಕೆ ಅನ್ನುವ ಮಾತು ಅಲ್ಲೂ ಇತ್ತು! ಬರಹ, ಲೆಕ್ಕ ಎರಡನ್ನೂ ಎಲ್ಲ ಮಕ್ಕಳಿಗೂ ಕಲಿಸಬೇಕು ಅಂತ ಕಾನೂನು ಬಂದದ್ದು 1880ರಲ್ಲಿ.

ಆಸ್ತಿಯಲ್ಲೂ ಹಾಗೆಯೇ. ಬಹಳ ಕಾಲ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು ಇತ್ತು. 1850ರಲ್ಲಿ ಸಮಪಾಲು ಅಂತ ಆಯಿತು.

1885ರಲ್ಲಿ ಬ್ರಿಯೆಟ್ ಅನ್ನುವ ಹೆಣ್ಣುಮಗಳು ಹೆಂಗಸರ ಹಕ್ಕಿನ ಬಗ್ಗೆ ಪತ್ರಿಕೆಗೆ ಬರೆದಳು. ತನ್ನ ಹೆಸರು ಹಾಕಲಿಲ್ಲ, ಬೇರೆ ಹೆಸರಿನಲ್ಲಿ ಬರೆದಳು. ಹತ್ತು ವರ್ಷ ಕಳೆದ ಮೇಲೆ, 1895ರಲ್ಲಿ, ಹೆಂಗಸರಿಗಾಗಿ ತಾನೇ ಒಂದು ಪತ್ರಿಕೆ ಶುರು ಮಾಡಿದಳು. 1908ರಲ್ಲಿ ರೇಕ್ಯಾವಿಕ್ ಪುರಸಭೆಯ ಚುನಾವಣೆ ಬಂತು. ಹೆಂಗಸರು ತಮ್ಮದೇ ಪಟ್ಟಿ ಮಾಡಿ ನಿಂತರು. ಬ್ರಿಯೆಟ್ ಸೇರಿ ನಾಲ್ಕು ಜನ ಗೆದ್ದರು.

1915ರಲ್ಲಿ ಹೆಂಗಸರಿಗೆ ಪಾರ್ಲಿಮೆಂಟಿನ ಮತ ಸಿಕ್ಕಿತು. ಆದರೆ ನಲವತ್ತು ವರ್ಷ ತುಂಬಿದವರಿಗೆ ಮಾತ್ರ. ಗಂಡಸರಷ್ಟೇ ಹಕ್ಕು ಸಿಕ್ಕಿದ್ದು 1920ರಲ್ಲಿ. 1944ರ ಜೂನ್ 17ರಂದು ಐಸ್‌ಲ್ಯಾಂಡ್ ಡೆನ್ಮಾರ್ಕಿನಿಂದ ಬಿಡಿಸಿಕೊಂಡು ಗಣರಾಜ್ಯವಾಯಿತು.

ಬಟ್ಟೆ ಒಗೆಯುವ ದಾರಿ

ನೆಲದೊಳಗಿನ ಬೆಂಕಿ ಕಾಟ ಕೊಟ್ಟ ಹಾಗೆ ಉಪಕಾರವನ್ನೂ ಮಾಡಿತು. ನೆಲದ ಒಳಗೆ ನೀರು ತಾನಾಗಿಯೇ ಕಾಯುತ್ತದೆ. ಕೆಲವು ಕಡೆ ಕುದಿಯುತ್ತಾ ಮೇಲೆ ಬರುತ್ತದೆ.

ರೇಕ್ಯಾವಿಕ್ ಪೇಟೆಯಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿ ಇಂಥ ಬಿಸಿನೀರಿನ ಬುಗ್ಗೆಗಳಿದ್ದವು. ಹೆಂಗಸರು ಮನೆಯ ಬಟ್ಟೆ ಗಂಟು, ಬಕೆಟ್ಟು, ಸೋಪು ಎಲ್ಲ ಬೆನ್ನ ಮೇಲೆ ಹೊತ್ತು ಅಲ್ಲಿಗೆ ನಡೆಯುತ್ತಿದ್ದರು. ಹಿಮ ಬೀಳುತ್ತಿದ್ದರೂ ಹೋಗಲೇಬೇಕು. ಬರುವಾಗ ಒದ್ದೆ ಬಟ್ಟೆಯ ಭಾರ ಬೇರೆ. ಕುದಿಯುವ ನೀರಿಗೆ ಜಾರಿ ಬಿದ್ದು ಸತ್ತವರೂ ಉಂಟು. ಆಮೇಲೆ ಬುಗ್ಗೆಯ ಮೇಲೆ ಕಬ್ಬಿಣದ ಸರಳು ಹಾಕಿದರು.

1930ರಲ್ಲಿ ಅದೇ ಜಾಗದ ಬಿಸಿನೀರನ್ನು ಕೊಳವೆಯಲ್ಲಿ ಪೇಟೆಗೆ ತಂದರು. ಮೊದಲು ಒಂದು ಶಾಲೆ, ಒಂದು ಆಸ್ಪತ್ರೆ, ಈಜುಕೊಳ, ಕೆಲವು ಮನೆ. ಈಗ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಬೆಚ್ಚಗಾಗಲು ನೆಲದ ಬಿಸಿಯೇ ಸಾಕು. ಕಲ್ಲಿದ್ದಲು ಬೇಡ, ಎಣ್ಣೆ ಬೇಡ, ಹೊಗೆಯೂ ಇಲ್ಲ. ಗಾಜಿನ ಮನೆಯೊಳಗೆ ಅದೇ ಬಿಸಿಯಿಂದ ಟೊಮೆಟೊ ಬೆಳೆಯುತ್ತಾರೆ. ಕೆಲವು ಕಡೆ ಹಿಟ್ಟಿನ ಪಾತ್ರೆಯನ್ನು ಬಿಸಿ ನೆಲದಲ್ಲಿ ಹೂತು, ಒಂದು ದಿನ ಬಿಟ್ಟು ರೊಟ್ಟಿ ತೆಗೆಯುತ್ತಾರೆ.

ಬೆಂಕಿಯ ಕಾಟ ನಿಂತಿಲ್ಲ. 1973ರ ಜನವರಿ 23ರ ರಾತ್ರಿ ಹೇಮೇ ಅನ್ನುವ ಸಣ್ಣ ದ್ವೀಪದಲ್ಲಿ ಊರ ಪಕ್ಕವೇ ನೆಲ ಸೀಳಿತು. ಹಿಂದಿನ ದಿನ ಬಿರುಗಾಳಿ ಇದ್ದದ್ದರಿಂದ ದೋಣಿಗಳೆಲ್ಲ ಬಂದರಿನಲ್ಲೇ ಇದ್ದವು. ಐದು ಸಾವಿರಕ್ಕೂ ಹೆಚ್ಚು ಜನ ಒಂದೇ ರಾತ್ರಿಯಲ್ಲಿ ದೋಣಿ ಹತ್ತಿ ಪಾರಾದರು. ಲಾವಾ ಬಂದರನ್ನು ಮುಚ್ಚಲು ಬಂತು. ಜನ ಪಂಪು ಇಟ್ಟು ಸಮುದ್ರದ ನೀರನ್ನು ತಿಂಗಳುಗಟ್ಟಲೆ ಅದರ ಮೇಲೆ ಸುರಿದರು. ಲಾವಾ ತಣ್ಣಗಾಗಿ ನಿಂತಿತು. ಬಂದರು ಉಳಿಯಿತು. 2023ರ ನವೆಂಬರಿನಲ್ಲಿ ಗ್ರಿಂಡವಿಕ್ ಊರಿನ ಜನ ಹೀಗೆಯೇ ರಾತ್ರೋರಾತ್ರಿ ಮನೆ ಬಿಡಬೇಕಾಯಿತು.

ಇನ್ನೂ ಕೆಲವು ಸೋಜಿಗದ ಸಂಗತಿಗಳು

ಹೆಸರು: ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಇಲ್ಲ. ತಂದೆ ಅಥವಾ ತಾಯಿಯ ಹೆಸರೇ ಮುಂದೆ ಬರುತ್ತದೆ. ಸೋನ್ ಅಂದರೆ ಮಗ. ದೊಟ್ಟಿರ್ ಅಂದರೆ ಮಗಳು. ಯೋನ್ ಅನ್ನುವವನ ಮಗಳು ಯೋನ್ಸ್‌ದೊಟ್ಟಿರ್. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಅವಳು ಕೊನೆಯವರೆಗೂ ತನ್ನ ತಂದೆತಾಯಿಯ ಮಗಳೇ.

ಸೈನ್ಯ: ಐಸ್‌ಲ್ಯಾಂಡಿಗೆ ತನ್ನದೇ ಸೈನ್ಯ ಇಲ್ಲ. ಕರಾವಳಿ ಕಾಯುವ ಪಡೆ ಮಾತ್ರ ಇದೆ.

ಮೀನಿನ ಜಗಳ: ಮೀನೇ ಅವರ ಅನ್ನ. ಬ್ರಿಟನ್ನಿನ ದೊಡ್ಡ ದೋಣಿಗಳು ಬಂದು ಮೀನು ಬಳಿದುಕೊಂಡು ಹೋಗುತ್ತಿದ್ದವು. ಕರಾವಳಿ ಪಡೆಯವರು ಆ ದೋಣಿಗಳ ಬಲೆಯ ಹಗ್ಗವನ್ನೇ ಕತ್ತರಿಸಿದರು! ಮೂರು ಸಾರಿ ಜಗಳವಾಯಿತು. 1976ರಲ್ಲಿ ಬ್ರಿಟನ್ ಒಪ್ಪಿಕೊಂಡಿತು. ತೀರದಿಂದ 200 ಮೈಲಿವರೆಗಿನ ಮೀನು ಐಸ್‌ಲ್ಯಾಂಡಿನದು ಅಂತ ಆಯಿತು.

ಕೂಸು: ಚಳಿಯಿದ್ದರೂ ಕೂಸುಗಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮನೆಯ ಹೊರಗೆ ಮಲಗಿಸುತ್ತಾರೆ. ಹೊರಗಿನ ಗಾಳಿ ಕೂಸಿಗೆ ಒಳ್ಳೆಯದು ಅಂತ ಅವರ ನಂಬಿಕೆ.

ಹೆಂಗಸರು ರಜೆ ಹಾಕಿದ ದಿನ

ಈಗ ಮುಖ್ಯ ಕಥೆಗೆ ಬರೋಣ.

1975ನೇ ಇಸವಿ. ಎಲ್ಲ ಹೆಂಗಸರಿಗೂ ಓದು ಬರಹ ಬರುತ್ತಿತ್ತು. ಮತ ಹಾಕುತ್ತಿದ್ದರು. ಮನೆಯ ಹೊರಗೂ ದುಡಿಯುತ್ತಿದ್ದರು. ಆದರೆ ಕೂಲಿ? ಗಂಡಸಿಗೆ ನೂರು ಸಿಕ್ಕರೆ ಹೆಂಗಸಿಗೆ ಅರವತ್ತೂ ಸಿಗುತ್ತಿರಲಿಲ್ಲ. ಪಾರ್ಲಿಮೆಂಟಿನ 60 ಸದಸ್ಯರಲ್ಲಿ ಹೆಂಗಸರು ಮೂವರೇ. ಮನೆಯ ಅಡುಗೆ, ಕಸ ಮುಸುರೆ, ಮಕ್ಕಳ ಆರೈಕೆಗೆ ಲೆಕ್ಕವೇ ಇಲ್ಲ. ಅದು ಕೆಲಸವೇ ಅಲ್ಲ ಅನ್ನುವ ಹಾಗೆ ಜನ ನೋಡುತ್ತಿದ್ದರು.

ಆ ವರ್ಷವನ್ನು ವಿಶ್ವಸಂಸ್ಥೆ ಮಹಿಳಾ ವರ್ಷ ಅಂತ ಸಾರಿತ್ತು. ನಾವು ಏನು ಮಾಡೋಣ ಅಂತ ಅಲ್ಲಿಯ ಮಹಿಳಾ ಸಂಘಗಳು ಸೇರಿ ಯೋಚಿಸಿದವು. ಕೆಲವರು ಮುಷ್ಕರ ಮಾಡೋಣ ಅಂದರು. ಕೆಲವರು ಹೆದರಿದರು. ಮುಷ್ಕರ ಅಂದರೆ ಕೆಲಸದಿಂದ ತೆಗೆದುಬಿಟ್ಟರೆ? ಆಗ ಒಂದು ಉಪಾಯ ಹೊಳೆಯಿತು. ಮುಷ್ಕರ ಅನ್ನುವುದು ಬೇಡ, ರಜೆ ಅನ್ನೋಣ. ಒಂದು ದಿನ ರಜೆ ತಗೊಂಡರೆ ಯಾರು ಏನು ಅನ್ನುತ್ತಾರೆ? ಈ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಬೇರೆ ಬೇರೆ ಪಕ್ಷದವರು, ಬಡವರು, ಅನುಕೂಲಸ್ಥರು ಎಲ್ಲರೂ ಕೈ ಜೋಡಿಸಿದರು.

ಅಕ್ಟೋಬರ್ 24, ಶುಕ್ರವಾರ. ಆ ದಿನ ದೇಶದ ನೂರರಲ್ಲಿ ತೊಂಬತ್ತು ಹೆಂಗಸರು ಕೆಲಸ ನಿಲ್ಲಿಸಿದರು. ಕಚೇರಿಗೆ ಹೋಗಲಿಲ್ಲ. ಒಲೆ ಹಚ್ಚಲಿಲ್ಲ. ಮಕ್ಕಳನ್ನು ಗಂಡಂದಿರ ಕೈಗೆ ಕೊಟ್ಟರು.

ಏನಾಯಿತು ಗೊತ್ತೇ? ಶಾಲೆಗಳು ಮುಚ್ಚಿದವು. ಮೀನಿನ ಕಾರ್ಖಾನೆಗಳು ನಿಂತವು. ಅಂಗಡಿಗಳು ಬಾಗಿಲು ಹಾಕಿದವು. ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿಗಳೇ ಕೌಂಟರಿನಲ್ಲಿ ಕೂತು ಹಣ ಎಣಿಸಿದರು. ಅಕ್ಷರದ ಮೊಳೆ ಜೋಡಿಸುವವರು ಹೆಂಗಸರೇ ಆಗಿದ್ದರಿಂದ ಪತ್ರಿಕೆಯ ಅಚ್ಚಿನ ಕೆಲಸವೂ ನಿಂತಿತು. ಗಂಡಸರು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋದರು. ಸುಮ್ಮನಿರಲಿ ಅಂತ ಕೈಗೆ ಕಾಗದ, ಬಣ್ಣದ ಪೆನ್ಸಿಲು ಕೊಟ್ಟರು. ರೇಡಿಯೋದಲ್ಲಿ ವಾರ್ತೆ ಓದುವಾಗ ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಬೇಗ ಬೇಯುವ ಸಾಸೇಜು ಅನ್ನುವ ಮಾಂಸದ ತಿಂಡಿ ಅಂಗಡಿಗಳಲ್ಲಿ ಖಾಲಿಯಾಯಿತು. ಗಂಡಸರಿಗೆ ಬೇರೆ ಅಡುಗೆ ಬರಬೇಕಲ್ಲ!

ಅವತ್ತು ರೇಕ್ಯಾವಿಕ್‌ನ ಚೌಕದಲ್ಲಿ ಸುಮಾರು 25,000 ಹೆಂಗಸರು ಸೇರಿದರು. ಆಗ ಇಡೀ ದೇಶದ ಜನಸಂಖ್ಯೆಯೇ ಸುಮಾರು ಎರಡು ಲಕ್ಷದ ಇಪ್ಪತ್ತು ಸಾವಿರ. ಅವರು ಭಾಷಣ ಮಾಡಿದರು, ಹಾಡಿದರು. ಒಂದು ಕಲ್ಲು ತೂರಲಿಲ್ಲ. ಯಾರಿಗೂ ಏಟಾಗಲಿಲ್ಲ. ನಾವು ಕೈ ಕಟ್ಟಿ ಕೂತರೆ ನಾಡು ನಡೆಯುವುದಿಲ್ಲ ಅಂತ ತೋರಿಸಿದರು, ಅಷ್ಟೆ.

ಆಮೇಲೆ?

ಮುಂದಿನ ವರ್ಷ, 1976ರಲ್ಲಿ, ಹೆಣ್ಣು ಗಂಡು ಸಮಾನ ಅನ್ನುವ ಕಾನೂನು ಬಂತು.

1980ರಲ್ಲಿ ವಿಗ್ದಿಸ್ ಫಿನ್‌ಬೊಗಾದೊಟ್ಟಿರ್ ರಾಷ್ಟ್ರಪತಿ ಚುನಾವಣೆಗೆ ನಿಂತರು. ಹೆಸರು ನೋಡಿದಿರಾ? ಫಿನ್‌ಬೊಗಿಯ ಮಗಳು. ಅವರು ನಾಟಕದ ಸಂಸ್ಥೆ ನಡೆಸಿದವರು, ಫ್ರೆಂಚ್ ಪಾಠ ಹೇಳಿದವರು. ಗಂಡನಿಂದ ಬೇರೆಯಾಗಿದ್ದರು. ಒಬ್ಬ ಹೆಣ್ಣುಮಗುವನ್ನು ದತ್ತು ತೆಗೆದುಕೊಂಡು ಒಬ್ಬರೇ ಸಾಕುತ್ತಿದ್ದರು. ಅವರ ಎದುರು ಮೂವರು ಗಂಡಸರು ನಿಂತಿದ್ದರು. ವಿಗ್ದಿಸ್ ಗೆದ್ದರು. ಜಗತ್ತಿನಲ್ಲಿ ಜನರ ಮತದಿಂದ ರಾಷ್ಟ್ರಪತಿಯಾದ ಮೊದಲ ಹೆಂಗಸು ಅವರೇ. 1996ರವರೆಗೆ, ಅಂದರೆ ಹದಿನಾರು ವರ್ಷ, ಆ ಸ್ಥಾನದಲ್ಲಿ ಇದ್ದರು.

2018ರಲ್ಲಿ ಇನ್ನೊಂದು ಕಾನೂನು ಜಾರಿಗೆ ಬಂತು. 25 ಜನ ಅಥವಾ ಹೆಚ್ಚು ಜನ ದುಡಿಯುವ ಕಡೆ, ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡುತ್ತಿದ್ದೇವೆ ಅಂತ ಮಾಲೀಕರೇ ಸಾಬೀತು ಮಾಡಬೇಕು. 2024ರಲ್ಲಿ ರಾಷ್ಟ್ರಪತಿಯಾಗಿ ಒಬ್ಬ ಹೆಂಗಸು, ಪ್ರಧಾನಿಯಾಗಿ ಒಬ್ಬ ಹೆಂಗಸು ಅಧಿಕಾರಕ್ಕೆ ಬಂದರು.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಕೂಲಿಯ ಅಂತರ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹೆಂಗಸರ ಮೇಲೆ ಹೊಡೆತ ಬಡಿತ ಅಲ್ಲೂ ಇದೆ. ಅದಕ್ಕೇ 2023ರ ಅಕ್ಟೋಬರ್ 24ರಂದು ಅವರು ಮತ್ತೆ ಇಡೀ ದಿನ ಕೆಲಸ ಬಿಟ್ಟರು. ಆಗಿನ ಪ್ರಧಾನಿಯೂ ಹೆಂಗಸು. ಅವರೂ ಆ ದಿನ ಕೆಲಸಕ್ಕೆ ಹೋಗಲಿಲ್ಲ!

ಅಕ್ಕ ತಂಗಿಯರೇ, ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಐಸ್‌ಲ್ಯಾಂಡಿನ ಹೆಂಗಸರು 1800ರ ಹೊತ್ತಿಗೇ ಓದು ಕಲಿತಿದ್ದರು. ಸಮಾನತೆಯ ಕಾನೂನು ಬಂದದ್ದು 1976ರಲ್ಲಿ. ನಡುವೆ ನೂರ ಎಪ್ಪತ್ತಾರು ವರ್ಷ. ಅಕ್ಷರ ಬಂದ ಕೂಡಲೇ ಹಕ್ಕು ತಾನಾಗಿ ನಡೆದು ಬರಲಿಲ್ಲ. ಆದರೆ ಅಕ್ಷರ ಇಲ್ಲದಿದ್ದರೆ ಬ್ರಿಯೆಟ್ ಪತ್ರಿಕೆಗೆ ಬರೆಯಲು ಆಗುತ್ತಿತ್ತೇ? ಬರೆದದ್ದನ್ನು ದೂರದೂರದ ಮನೆಯ ಹೆಂಗಸರು ಓದಲು ಆಗುತ್ತಿತ್ತೇ? ಅಕ್ಷರ ಅವರಿಗೆ ದಾರಿ ತೋರಿಸಿತು. ಆ ದಾರಿಯಲ್ಲಿ ಅವರು ಒಟ್ಟಾಗಿ ನಡೆದರು.

ಸೇರಿ ಮಾತಾಡಿ

1. ಕಾನೂನು ಬಾಯಿಪಾಠದಲ್ಲಿ ಇರುವುದಕ್ಕೂ ಬರೆದು ಇಡುವುದಕ್ಕೂ ಏನು ವ್ಯತ್ಯಾಸ?
2. ಹೆಣ್ಣುಮಕ್ಕಳಿಗೆ ಓದು ಕಲಿಸಿದವರು ಬರಹ ಯಾಕೆ ಕಲಿಸಲಿಲ್ಲ?
3. ನೀವು ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಯಾವುದಕ್ಕೆ ಕೂಲಿ ಇದೆ, ಯಾವುದಕ್ಕೆ ಇಲ್ಲ?
4. ನಿಮ್ಮ ಊರಿನ ಹೆಂಗಸರೆಲ್ಲ ಒಂದು ದಿನ ರಜೆ ಹಾಕಿದರೆ ಏನೇನು ನಿಲ್ಲುತ್ತದೆ?